ಕೆಂಪು ಗೆರೆ ಮತ್ತು 30 ಡಿಗ್ರಿ: ನಮ್ಮ ಐಸಿಯು ಹಾಸಿಗೆಗಳ ಕೆಲಸ ಎಲ್ಲಿಗೆ ಬಂತು

ಮೊದಲ ವಾರ

ವೆಂಟಿಲೇಟರ್ ಮೇಲಿರುವ ರೋಗಿಯ ತಲೆಭಾಗ 30ರಿಂದ 45 ಡಿಗ್ರಿ ಎತ್ತರದಲ್ಲಿರಬೇಕು. ನಮ್ಮ ಚಾರ್ಟ್‌ನಲ್ಲಿ ಪ್ರತಿ ಪಾಳಿಯಲ್ಲೂ "30" ಅಂತಲೇ ಇರುತ್ತದೆ. ನಾನೂ ವರ್ಷಗಟ್ಟಲೆ ಹಾಗೇ ಬರೆದಿದ್ದೇನೆ, ಕಣ್ಣಳತೆಯಲ್ಲಿ.

ಮಗಳ ಜಾಮಿಟ್ರಿ ಬಾಕ್ಸಿನ ಕೋನಮಾಪಕಕ್ಕೆ ದಾರ ಕಟ್ಟಿ, ತುದಿಗೊಂದು ನಟ್ಟು ತೂಗುಬಿಟ್ಟೆ. ಗೋಡೆ ಕಟ್ಟುವವರ ತೂಗುಗುಂಡಿನ ಉಪಾಯವೇ ಇದು. ಅದನ್ನು ತಲೆಭಾಗದ ಅಂಚಿಗೆ ಹಿಡಿದಾಗ, ಹಾಸಿಗೆ ಚಪ್ಪಟೆಯಾಗಿದ್ದರೆ ದಾರ 90ರ ಮೇಲೆ ನಿಲ್ಲುತ್ತದೆ, 30 ಡಿಗ್ರಿ ಎತ್ತಿದರೆ 60ರ ಮೇಲೆ. "30" ಎಂದು ನಾನೇ ಬರೆದಿದ್ದ ಹಾಸಿಗೆಯನ್ನು ಅಳೆದೆ. 18 ಇತ್ತು. ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಗಂಟಲಿನ ಟ್ಯೂಬಿಗೆ ಗಾಳಿ ತುಂಬಿದ ಕಫ್ (ಟ್ಯೂಬಿನ ಸುತ್ತಲಿನ ಚಿಕ್ಕ ಬಲೂನು) ಇದ್ದರೂ ಅದು ಪೂರ್ತಿ ಬಿಗಿಯಾಗಿ ಕೂರುವುದಿಲ್ಲ. ಹೊಟ್ಟೆಯಿಂದ ಮೇಲೆ ಬಂದದ್ದು, ಬಾಯಲ್ಲಿ ನಿಂತದ್ದು ಅದರ ಪಕ್ಕದಿಂದ ಸೋರಿ ಶ್ವಾಸಕೋಶಕ್ಕೆ ಇಳಿಯುತ್ತದೆ. ರೋಗಿ ಚಪ್ಪಟೆಯಾಗಿ ಮಲಗಿದ್ದರೆ ಇನ್ನೂ ಸುಲಭ. 1999ರಲ್ಲಿ ಬಾರ್ಸಿಲೋನಾದ ವೈದ್ಯರು 86 ರೋಗಿಗಳ ಮೇಲೆ ಮಾಡಿದ ಅಧ್ಯಯನದಲ್ಲಿ, ಚಪ್ಪಟೆ ಮಲಗಿದವರಲ್ಲಿ ಶೇಕಡಾ 34 ಮಂದಿಗೆ ನ್ಯುಮೋನಿಯಾದ ಲಕ್ಷಣ ಕಂಡಿತ್ತು. 45 ಡಿಗ್ರಿಯಲ್ಲಿದ್ದವರಲ್ಲಿ ಶೇಕಡಾ 8.

ಮೂರನೇ ವಾರ

ಸೋಂಕು ನಿಯಂತ್ರಣದ ಸಿಸ್ಟರ್ ದಾರ ನೋಡಿದ ಕೂಡಲೇ ಬೇಡ ಅಂದರು. ದಾರವನ್ನು ಒರೆಸಿ ಶುದ್ಧ ಮಾಡೋಕೆ ಆಗಲ್ಲ, ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಒಯ್ಯುವಂತೆಯೂ ಇಲ್ಲ. ಅವರು ಹೇಳಿದ್ದು ನೂರಕ್ಕೆ ನೂರು ಸರಿ.

ಹಾಗಾಗಿ ಹಾಸಿಗೆಗಳು ಖಾಲಿಯಾದಾಗ ಒಂದೊಂದನ್ನೇ ಅಳೆದು, 30ಕ್ಕೆ ತಂದು, ಪಕ್ಕದ ಚೌಕಟ್ಟಿನ ಮೇಲೂ ಎತ್ತುವ ಭಾಗದ ಮೇಲೂ ಕೆಂಪು ಟೇಪ್ ಅಂಟಿಸಿದೆ. ಎರಡು ಗೆರೆ ಸೇರಿದರೆ 30. ಟೇಪನ್ನು ಒರೆಸಬಹುದು. ಹಲವು ಮೋಟಾರ್ ಹಾಸಿಗೆಗಳಲ್ಲಿ ಕೋನದ ಅಳತೆ ಇರುತ್ತದೆ. ಕೈಯಲ್ಲಿ ಹ್ಯಾಂಡಲ್ ತಿರುಗಿಸುವ ನಮ್ಮ ಹಳೇ ಹಾಸಿಗೆಗಳಿಗೆ ಇದು ಸಾಕು.

ಐದನೇ ವಾರ

ಗೆರೆ ಸೇರಿದೆ, ಆದರೂ ರೋಗಿ ಚಪ್ಪಟೆ! ಕೆಳಗೆ ಜಾರಿಬಿಟ್ಟಿದ್ದರು. ಹಾಸಿಗೆ ಮಡಚುವ ಜಾಗಕ್ಕೆ ಸೊಂಟ ಬರಬೇಕು, ಇಲ್ಲದಿದ್ದರೆ ಹೊಟ್ಟೆ ಮಡಚಿಕೊಂಡು ಉಸಿರಾಟಕ್ಕೇ ಕಷ್ಟ. ಈಗ ಇಬ್ಬರು ಸೇರಿ ಡ್ರಾಶೀಟ್ (ರೋಗಿಯ ಕೆಳಗೆ ಅಡ್ಡಲಾಗಿ ಹಾಸಿದ ಬಟ್ಟೆ) ಹಿಡಿದು ಮೇಲಕ್ಕೆ ಸರಿಸಿ, ಆಮೇಲೆ ತಲೆಭಾಗ ಎತ್ತುತ್ತೇವೆ. ಜಾರಿದಾಗ ಬೆನ್ನಿನ ಕೆಳಗಿನ ಚರ್ಮ ಉಜ್ಜಿ ಹುಣ್ಣಾಗುವ ಭಯವೂ ಇದೆ, ಹಾಗಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದನ್ನು ಬಿಟ್ಟಿಲ್ಲ. ಬೆನ್ನುಮೂಳೆಗೆ ಪೆಟ್ಟಾದವರು, ಬಿಪಿ ತೀರಾ ಇಳಿದವರ ವಿಷಯದಲ್ಲಿ ಡಾಕ್ಟರ್ ಹೇಳದೆ ಹ್ಯಾಂಡಲ್ ಮುಟ್ಟುವುದಿಲ್ಲ.

ಎಂಟನೇ ವಾರ

ಕೋನ ಯಾವಾಗ ತಪ್ಪುತ್ತದೆ ಅಂತ ಬರೆದಿಡುತ್ತಿದ್ದೆ. ಹೆಚ್ಚಿನ ಸಲ ಎಕ್ಸ್‌ರೇ ಅಥವಾ ಸ್ಪಾಂಜ್ ಬಾತ್ ಆದ ಮೇಲೆ. ಆಗ ಇಳಿಸುತ್ತೇವೆ, ಮತ್ತೆ ಎತ್ತಲು ಮರೆಯುತ್ತೇವೆ. 2006ರಲ್ಲಿ ಪ್ರಕಟವಾದ ಡಚ್ ಅಧ್ಯಯನದಲ್ಲೂ 45 ಡಿಗ್ರಿ ಗುರಿ ಇಟ್ಟವರಿಗೆ ಸಿಕ್ಕಿದ್ದು ಮೊದಲ ದಿನ ಸರಾಸರಿ 28, ಏಳನೇ ದಿನ 23. ಅಲ್ಲಿ ಇವರಿಗೂ ಸಾಮಾನ್ಯ ಆರೈಕೆಯಲ್ಲಿದ್ದ ಇನ್ನೊಂದು ಗುಂಪಿಗೂ ನ್ಯುಮೋನಿಯಾದಲ್ಲಿ ವ್ಯತ್ಯಾಸವೂ ಕಾಣಲಿಲ್ಲ. ಎತ್ತುವುದಕ್ಕಿಂತ ಎತ್ತಿದ್ದನ್ನು ಉಳಿಸಿಕೊಳ್ಳುವುದೇ ಕಷ್ಟ, ಅಲ್ವಾ?

ಆದ್ದರಿಂದ ಪಾಳಿ ಬದಲಾಗುವಾಗಿನ ಹ್ಯಾಂಡೋವರ್‌ನಲ್ಲಿ ಒಂದು ಮಾತು ಸೇರಿಸಿದ್ದೇವೆ: "ಗೆರೆ ಸೇರಿದೆಯಾ?" ಇಬ್ಬರೂ ಬಗ್ಗಿ ನೋಡಿದ ಮೇಲೆಯೇ ಸಹಿ. ಮೊನ್ನೆ ಎಕ್ಸ್‌ರೇ ಮಷಿನ್ ಆಚೆ ಹೋಗುತ್ತಿದ್ದಂತೆ ನಮ್ಮ ಆಯಾ ಕೂಗಿದರು, "ಸಿಸ್ಟರ್, ನಾಲ್ಕನೇ ಬೆಡ್ ಗೆರೆ ಕೂಡಿಲ್ಲ, ಬನ್ನಿ ಒಂದು ಕೈ ಹಿಡೀರಿ." ಇಬ್ಬರೂ ಸೇರಿ ರೋಗಿಯನ್ನು ಮೇಲಕ್ಕೆ ಸರಿಸಿದೆವು. ಹ್ಯಾಂಡಲ್ ಅವರೇ ತಿರುಗಿಸಿದರು.