ಲಾಗ್ ಬುಕ್ಕಿನ ‘ಮ’

ನಾನು ಸಿವಿಲ್ ಎಂಜಿನಿಯರ್. ಮಂಗಳೂರಿನ ಒಂದು ಸಣ್ಣ ಕನ್ಸಲ್ಟೆನ್ಸಿಯಲ್ಲಿ ಕೂತು ಕುಡಿಯುವ ನೀರು, ಒಳಚರಂಡಿ, ಕಸ ಇವುಗಳಿಗೆ ಡಿಪಿಆರ್, ಅಂದರೆ ವಿವರವಾದ ಯೋಜನಾ ವರದಿ, ಬರೆಯುವುದು ನನ್ನ ಹೊಟ್ಟೆಪಾಡು. ಸರ್ಕಾರದ ದುಡ್ಡು ಒಂದು ಊರಿಗೆ ಬರಬೇಕಾದರೆ ಮೊದಲು ಊರಿನಿಂದ ಈ ದಪ್ಪ ಫೈಲು ಹೋಗಬೇಕು. ಮುಂದಿನ 30 ವರ್ಷ ಎಷ್ಟು ಜನ, ಅವರಿಗೆ ಎಷ್ಟು ನೀರು, ಎಷ್ಟು ಪೈಪು ಎಂಬುದೆಲ್ಲ ಅದರಲ್ಲಿರುತ್ತದೆ. ಬರೆಯುವವರಿಗೆ ಭವಿಷ್ಯ ಗೊತ್ತಿರುತ್ತದೆ ಎಂದು ಯಾರೂ ನಂಬುವುದಿಲ್ಲ, ಆದರೂ ಸಹಿ ಹಾಕುತ್ತಾರೆ.

ನಾನು ಮಾಡಿದ ಒಂದು ತಪ್ಪಿನ ಬಗ್ಗೆ ಬರೆಯೋಣ ಅಂತ ತುಂಬ ದಿನದಿಂದ ಇತ್ತು. ವಾರ್ಡಿನ ಹೆಸರು ಬೇಡ, ಅಲ್ಲಿನವರಿಗೆ ಹೇಗೂ ಗೊತ್ತಾಗುತ್ತದೆ.

2017ರ ಸುಮಾರಿಗೆ ನನಗೆ ಒಂದು ಹಳೆಯ ವೆಟ್‌ವೆಲ್‌ನ ಪಂಪು ಬದಲಿಸುವ ವರದಿಯ ಕೆಲಸ ಬಂತು. ಮಂಗಳೂರು ಗುಡ್ಡ ಮತ್ತು ತಗ್ಗಿನ ಊರು. ಒಂದು ಬದಿಯ ಇಳಿಜಾರಿನ ಕೊಳಚೆಯೆಲ್ಲ ತಗ್ಗಿನ ಒಂದು ಬಾವಿಯಂಥ ಗುಂಡಿಗೆ ಬಂದು ಬೀಳುತ್ತದೆ, ಅದೇ ವೆಟ್‌ವೆಲ್. ಅಲ್ಲಿಂದ ಪಂಪು ಅದನ್ನು ಗುಡ್ಡ ಹತ್ತಿಸಿ ಶುದ್ಧೀಕರಣ ಘಟಕದ ಕಡೆ ದೂಡಬೇಕು. ಬಯಲುಸೀಮೆಯ ಊರುಗಳಂತೆ ಒಂದೇ ಇಳಿಜಾರಿಗೆ ಬಿಟ್ಟು ಸುಮ್ಮನಿರುವ ಹಾಗಿಲ್ಲ. ಹಾಗಾಗಿ ಇಲ್ಲಿ ಪಂಪು ನಿಂತರೆ ಊರೇ ನಿಂತ ಹಾಗೆ.

ಲೆಕ್ಕ ಮಾತ್ರ ಬಹಳ ಸುಲಭ. ಕೇಂದ್ರದ ಕೈಪಿಡಿ ಪ್ರಕಾರ ಒಳಚರಂಡಿ ಇರುವ ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಕೊಡಬೇಕು. ಕೊಟ್ಟದ್ದರಲ್ಲಿ ಶೇ. 80 ಕೊಳಚೆಯಾಗಿ ವಾಪಸು ಬರುತ್ತದೆ, ಅಂದರೆ 108 ಲೀಟರ್. ಅದನ್ನು ಜನಸಂಖ್ಯೆಯಿಂದ ಗುಣಿಸಿ, ಬೆಳಗಿನ ನೂಕುನುಗ್ಗಲಿಗೆಂದು ಎರಡೂವರೆಯೋ ಮೂರೋ ಪಟ್ಟು ಮಾಡಿದರೆ ಪಂಪಿನ ಗಾತ್ರ ಸಿಗುತ್ತದೆ. ಇದರ ಮೇಲೆ ಭೂಮಿಯೊಳಗಿಂದ ಪೈಪಿನ ಸಂದಿಗೆ ಜಿನುಗಿ ಬರುವ ನೀರಿಗೂ ಒಂದು ಅಂಕಿ ಸೇರಿಸಬೇಕು. ಕೈಪಿಡಿ ಅದಕ್ಕೆ ಹೆಕ್ಟೇರಿಗೆ ದಿನಕ್ಕೆ 5,000ದಿಂದ 50,000 ಲೀಟರ್ ಎನ್ನುತ್ತದೆ. ಒಂದಕ್ಕೆ ಹತ್ತು ಪಟ್ಟು ಅಂತರ! ನಾನು ಕೆಳಗಿನ ತುದಿ ಹಿಡಿದುಕೊಂಡೆ. ಅಂದಾಜು ವೆಚ್ಚ ಮಿತಿಯೊಳಗೆ ನಿಲ್ಲಬೇಕಿತ್ತಲ್ಲ.

ಸುಮ್ಮನೆ ಪುಸ್ತಕದ ಲೆಕ್ಕ ಬೇಡ, ಇದ್ದ ಪಂಪು ಎಷ್ಟು ಓಡುತ್ತದೆ ನೋಡೋಣ ಎಂದು ಲಾಗ್ ಬುಕ್ ತರಿಸಿದೆ. ಆಗ ನನಗೆ ಅದೇ ದೊಡ್ಡ ಪ್ರಾಮಾಣಿಕತೆ ಅನಿಸಿತ್ತು. ಉದ್ದ ರಿಜಿಸ್ಟರು, ಗ್ರೀಸಿನ ಬೆರಳಚ್ಚು, ನೀಲಿ ಇಂಕು. ದಿನಕ್ಕೊಂದು ಸಾಲು, ಪಂಪು ಎಷ್ಟು ಗಂಟೆ ಓಡಿತು ಎಂಬ ಅಂಕಿ. ಕೆಲವು ಸಾಲುಗಳ ಅಂಚಿನಲ್ಲಿ ‘ಮ’ ಎಂಬ ಒಂದೇ ಅಕ್ಷರ. ಮಧ್ಯಾಹ್ನದ ಪಾಳಿ ಇರಬೇಕು ಎಂದುಕೊಂಡೆ. ಎಕ್ಸೆಲ್‌ನಲ್ಲಿ ‘ಪಾಳಿ’ ಎಂಬ ಕಾಲಂ ಮಾಡಿ ಅದನ್ನೂ ತುಂಬಿಸಿದೆ. ಆಮೇಲೆ ವರ್ಷದ ಸರಾಸರಿ ತೆಗೆದೆ. ಪುಸ್ತಕದ ಲೆಕ್ಕಕ್ಕೆ ಹತ್ತಿರ ಬಂತು. ಖುಷಿಯಾಯಿತು. ವರದಿ ಹೋಯಿತು, ಒಪ್ಪಿಗೆಯೂ ಆಯಿತು, ಪಂಪೂ ಬಂತು.

ಮುಂದಿನ ಜೂನ್‌ನಲ್ಲಿ ಆ ತಗ್ಗಿನ ರಸ್ತೆಯ ಮ್ಯಾನ್‌ಹೋಲ್ ಮುಚ್ಚಳಗಳು ಎದ್ದವು.

ಬೈಸಿಕೊಳ್ಳುವುದಕ್ಕೆಂದೇ ನನ್ನನ್ನು ಕರೆಸಿದ್ದರು. ಮಳೆ ಹೊಯ್ಯುತ್ತಿತ್ತು. ಪಂಪ್‌ಹೌಸಿನ ಆಪರೇಟರ್, ಹೊರಗುತ್ತಿಗೆಯ ನೌಕರ, ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಎರಡೂ ಪಂಪು ಒಟ್ಟಿಗೆ ಕಿರುಚುತ್ತಿದ್ದವು, ಗುಂಡಿಯ ನೀರು ಇಳಿಯುವ ಲಕ್ಷಣವೇ ಇರಲಿಲ್ಲ. ನಾನು ಲಾಗ್ ಬುಕ್ ತೋರಿಸಿ, “ನಿಮ್ಮ ಲೆಕ್ಕದ ಪ್ರಕಾರವೇ ಮಾಡಿದ್ದಲ್ವಾ?” ಎಂದೆ. ಅವರು ನನ್ನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದರು.

“ಸಾರ್, ಬದಿಯಲ್ಲಿ ‘ಮ’ ಅಂತ ಬರೆದದ್ದು ನೋಡಿಲ್ವಾ? ಮಳೆ ಬಂದ ದಿವಸ ಅದು.”

ಫೆಬ್ರವರಿಯಲ್ಲಿ ದಿನಕ್ಕೆ ಏಳೆಂಟು ಗಂಟೆ ಒಂದು ಪಂಪು. ‘ಮ’ ಇರುವ ಜುಲೈ ದಿನಗಳಲ್ಲಿ ಎರಡೂ ಪಂಪು, 24 ಗಂಟೆ. ಎರಡನ್ನೂ ಕೂಡಿಸಿ ಭಾಗಿಸಿ ನಾನು ತೆಗೆದ ಸರಾಸರಿ ವರ್ಷದ ಯಾವ ದಿನಕ್ಕೂ ಹೊಂದುತ್ತಿರಲಿಲ್ಲ. ಮೂರೂವರೆ ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಊರು, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಇಲ್ಲಿ ಹುಟ್ಟಿ ಬೆಳೆದವನು ನಾನು. ಕೊಡೆ ಹಿಡಿದು ಶಾಲೆಗೆ ಹೋದವನು ಕಂಪ್ಯೂಟರ್ ಮುಂದೆ ಕೂತ ಕೂಡಲೇ ಮಳೆಯನ್ನು ಮರೆತೆ ನೋಡಿ.

ಆ ದಿನ ಆಪರೇಟರ್ ನನ್ನನ್ನು ಮಳೆಯಲ್ಲೇ ಬೀದಿ ಸುತ್ತಿಸಿದರು. ಅವರಿಗೆ ಪ್ರತಿ ಮನೆಯೂ ಗೊತ್ತು. “ಇಲ್ಲಿ ನೋಡಿ” ಎಂದು ಒಂದು ತಾರಸಿ ಮನೆಯ ಮೂಲೆ ತೋರಿಸಿದರು. ಮಾಡಿನ, ಅಂದರೆ ಛಾವಣಿಯ, ನೀರು ಇಳಿಯುವ ಪಿವಿಸಿ ಪೈಪು ನೇರವಾಗಿ ಒಳಚರಂಡಿಯ ಚೇಂಬರಿಗೆ ಇಳಿದಿತ್ತು. ಮುಂದಿನ ಮನೆಯಲ್ಲೂ ಅದೇ. ಅದರಾಚೆಗೂ ಅದೇ. ಜನ ಕೆಟ್ಟವರೆಂದಲ್ಲ. ನಾಲ್ಕು ಸೆಂಟ್ಸ್ ಜಾಗ, ಅಂಗಳಕ್ಕೆಲ್ಲ ಇಂಟರ್‌ಲಾಕ್. ನೀರು ಪಕ್ಕದವರ ಕಡೆ ಹೋದರೆ ಜಗಳ, ರಸ್ತೆಗೆ ಬಿಟ್ಟರೆ ಕೌನ್ಸಿಲರ್‌ಗೆ ದೂರು. ಮೇಸ್ತ್ರಿ ಹತ್ತಿರದ ಗುಂಡಿಗೆ ಪೈಪು ಇಳಿಸಿ ಕೈ ತೊಳೆದುಕೊಂಡ.

ಅಲ್ಲೇ ಒಂದು ಜಗಲಿಯಲ್ಲಿ ನಿಂತು ಮೊಬೈಲಿನಲ್ಲಿ ಲೆಕ್ಕ ಹಾಕಿದೆ. 100 ಚದರ ಮೀಟರಿನ ಮಾಡು, ಒಂದು ದಿನ 100 ಮಿಲಿಮೀಟರ್ ಮಳೆ: 10,000 ಲೀಟರ್. ನನ್ನ ವರದಿಯಲ್ಲಿ ಐದು ಜನರ ಮನೆಯೊಂದರ ಕೊಳಚೆ ದಿನಕ್ಕೆ 540 ಲೀಟರ್. ಅಂದರೆ ಮಳೆಯ ದಿನ ಒಂದು ಮಾಡು ಹದಿನೆಂಟು ಮನೆಗಳಿಗೆ ಸಮ. ಕರಾವಳಿಯಲ್ಲಿ 100 ಮಿಲಿಮೀಟರ್ ಅಂದರೆ ಪೇಪರಿನ ಒಳಪುಟದ ಸುದ್ದಿಯೂ ಅಲ್ಲ.

ಇನ್ನೊಂದು ಪಾಠ ಪಕ್ಕದ ಮನೆಯ ಬಾವಿಕಟ್ಟೆಯಲ್ಲಿ ಸಿಕ್ಕಿತು. ಆ ಮನೆಯ ಅಮ್ಮ ಕೊಡಪಾನ ಎತ್ತಿ ತೋರಿಸಿದರು, ನೀರಿಗೆ ವಾಸನೆ. “ಬೇಸಗೆಯಲ್ಲೂ ಒಮ್ಮೆ ಹೀಗೆ ಆಗ್ತದೆ, ಆಗ ನಿಮ್ಮವರು ಯಾರೂ ಬರುವುದಿಲ್ಲ.” ಮಳೆಗಾಲದಲ್ಲಿ ಉಕ್ಕಿದ ಕೊಳಚೆ ಬಾವಿಗೆ ಇಳಿಯುವುದು ಅರ್ಥವಾಗುತ್ತದೆ, ಬೇಸಗೆಯಲ್ಲಿ ಯಾಕೆ? ಆಮೇಲೆ ತಿಳಿಯಿತು. ನಮ್ಮದು ಮುರಕಲ್ಲಿನ ನೆಲ, ತೂತು ತೂತಿನ ಕಲ್ಲು. ಜುಲೈಯಲ್ಲಿ ನೆಲದ ನೀರು ಪೈಪಿಗಿಂತ ಮೇಲೆ ಇರುತ್ತದೆ, ಸಡಿಲ ಸಂದಿಯಿಂದ ಹೊರಗಿನ ನೀರು ಪೈಪಿನೊಳಗೆ ನುಗ್ಗುತ್ತದೆ. ಏಪ್ರಿಲ್‌ನಲ್ಲಿ ನೆಲದ ನೀರು ಪೈಪಿಗಿಂತ ಕೆಳಗೆ ಇಳಿದಿರುತ್ತದೆ, ಅದೇ ಸಂದಿಯಿಂದ ಒಳಗಿನದು ಹೊರಗೆ ಹೋಗಿ ಹತ್ತಿರದ ಬಾವಿ ಹುಡುಕುತ್ತದೆ. ನನ್ನ ವರದಿಯಲ್ಲಿ ಸೋರಿಕೆ ಎನ್ನುವುದಕ್ಕೆ ಒಂದೇ ದಿಕ್ಕು ಇತ್ತು.

ಆದರೆ ಬಾವಿ ಪೂರ್ತಿ ತಲೆಗೆ ಹತ್ತಿದ್ದು 2019ರಲ್ಲಿ. ಆ ಏಪ್ರಿಲ್-ಮೇ ಯಾರಿಗೆ ನೆನಪಿಲ್ಲ? ಮಂಗಳೂರಿಗೆ ನೇತ್ರಾವತಿಯೇ ಗತಿ, ತುಂಬೆಯ ಕಿಂಡಿ ಅಣೆಕಟ್ಟೇ ಕೊಡಪಾನ. ದಿನಕ್ಕೆ ಸುಮಾರು 160 ದಶಲಕ್ಷ ಲೀಟರ್ ಅಲ್ಲಿಂದಲೇ ಬರಬೇಕು. ಹಳೆಯ ಕಟ್ಟ 4 ಮೀಟರಿನದು, ಹೊಸದನ್ನು 7 ಮೀಟರಿಗೆ ಕಟ್ಟಿದರು. ಆದರೆ ಮುಳುಗುವ ಜಮೀನಿನ ಪ್ರಶ್ನೆ ಇರುವುದರಿಂದ ಆಗ ನೀರು ನಿಲ್ಲಿಸುತ್ತಿದ್ದುದು 6ಕ್ಕೆ. ಆ ವರ್ಷ ತುಂಬೆಯ ಮಟ್ಟ ಇಳಿಯುತ್ತ ಹೋಯಿತು, ರೇಷನಿಂಗ್ ಶುರುವಾಯಿತು. ಮುಂಗಾರು ಕೇರಳಕ್ಕೆ ಬಂದದ್ದೇ ಜೂನ್ 8ಕ್ಕೆ. ಉಡುಪಿಯಲ್ಲಿ ಸ್ವರ್ಣೆಯ ಬಜೆ ಅಣೆಕಟ್ಟಿನದೂ ಅದೇ ಕಥೆ. ಅಲ್ಲಿನ ನೆಂಟರ ಮನೆಗೆ ಹೋಗುವುದಿದ್ದರೆ ಫೋನ್ ಮಾಡಿ “ಇವತ್ತು ನೀರು ಉಂಟಾ?” ಎಂದು ಕೇಳಿಯೇ ಹೊರಡುತ್ತಿದ್ದೆವು.

ನಳ್ಳಿಯಲ್ಲಿ ನೀರಿಲ್ಲದಿದ್ದರೆ ವೆಟ್‌ವೆಲ್‌ಗೂ ಕಡಿಮೆ ಬರಬೇಕಲ್ಲ, ಕೊಟ್ಟದ್ದರ ಶೇ. 80 ತಾನೇ? ಕುತೂಹಲಕ್ಕೆ ಆಪರೇಟರಿಗೆ ಫೋನ್ ಮಾಡಿದೆ. ಪಂಪಿನ ಗಂಟೆ ಸ್ವಲ್ಪ ಇಳಿದಿದೆ, ಅಷ್ಟೇ ಎಂದರು. “ಇದೆಂತ ಮಾರಾಯ್ರೆ?” ಎಂದೆ. ಆಚೆ ಕಡೆ ನಗು. “ನೀರು ಕಾರ್ಪೊರೇಷನಿಂದು ಮಾತ್ರ ಅಂದುಕೊಂಡಿದ್ದೀರಾ? ಇಲ್ಲಿ ಬಾವಿ ಇಲ್ಲದ ಮನೆ ಎಷ್ಟುಂಟು ಹೇಳಿ. ಬಾವಿ ಬತ್ತಿದವರಿಗೆ ಟ್ಯಾಂಕರ್ ಬರ್ತದೆ.”

ಸರ್ಕಾರದ ಕಡತದಲ್ಲಿ ನೀರು ಅಂದರೆ ಸರ್ಕಾರ ಕೊಟ್ಟ ನೀರು. ನೆಲ ಕೊಟ್ಟದ್ದು, ಮಾಡು ಕೊಟ್ಟದ್ದು, ಟ್ಯಾಂಕರಿನವರು ಎಲ್ಲಿಂದಲೋ ಎತ್ತಿ ತಂದದ್ದು ಯಾವ ಕಾಲಂನಲ್ಲೂ ಇಲ್ಲ. ಆದರೆ ಕೊಳಚೆಯಾಗಿ ಹರಿಯುವಾಗ ಅದಕ್ಕೆ ತಾನು ಯಾರ ನೀರು ಎಂದು ನೆನಪಿರುವುದಿಲ್ಲ.

ಅದೇ ವರ್ಷ ಆಗಸ್ಟ್‌ನಲ್ಲಿ ಮಂಗಳೂರಿನ ಕಸ ಸುರಿಯುವ ಪಚ್ಚನಾಡಿಯ ಕಸದ ಗುಡ್ಡ ಮಳೆಗೆ ನೆನೆದು ಜಾರಿತು. ಕೆಳಗಿನ ಮಂದಾರ ಎಂಬ ಜಾಗದ ತೋಟ, ಮನೆ, ನಾಗಬನ, ದಾರಿ ಎಲ್ಲದರ ಮೇಲೆ ಕಸ ಹರಿದು ಬಂತು. ಮೇಯಲ್ಲಿ ಕುಡಿಯುವುದಕ್ಕೆ ನೀರಿಲ್ಲ ಎಂದು ಲಾರಿ ಓಡಿಸಿದ ಊರಿನಲ್ಲಿ ಮೂರು ತಿಂಗಳೊಳಗೆ ನೀರೇ ಕಸವನ್ನು ಹೊತ್ತು ತಂದು ಮನೆಗಳ ಮೇಲೆ ಸುರಿಯಿತು. ನಾನು ಆ ಯೋಜನೆಯಲ್ಲಿ ಇದ್ದವನಲ್ಲ, ಹಾಗಾಗಿ ಅಲ್ಲಿ ಏನು ತಪ್ಪಿತು ಎಂದು ಹೇಳುವ ಅರ್ಹತೆ ನನಗಿಲ್ಲ. ನನ್ನ ಕಪಾಟಿನಲ್ಲಿದ್ದ ಕಸದ ವರದಿಗಳನ್ನು ಮಾತ್ರ ತೆಗೆದು ನೋಡಿದೆ. ದಿನಕ್ಕೆ ಎಷ್ಟು ಟನ್, ಒಬ್ಬರಿಗೆ ಎಷ್ಟು ಗ್ರಾಂ, ಹಸಿ ಎಷ್ಟು, ಒಣ ಎಷ್ಟು ಎಲ್ಲ ಇತ್ತು. ರಾಶಿಯ ಮೇಲೆ ಬೀಳುವ ಮಳೆ ಎಷ್ಟು, ಅದು ಕಸದ ರಸ ಹೊತ್ತು ಎಲ್ಲಿಗೆ ಇಳಿಯುತ್ತದೆ, ಕೆಳಗೆ ಯಾರ ಬಾವಿ ಇದೆ ಎಂಬುದಕ್ಕೆ ಒಂದು ಪ್ಯಾರಾ ಇತ್ತು, ಅದೂ ಬೇರೆ ಊರಿನ ವರದಿಯಿಂದ ಕಾಪಿ ಹೊಡೆದದ್ದು. ಬರೆದವನು ನಾನೇ.

ಈಗ ನಮ್ಮ ಆಫೀಸಿನಲ್ಲಿ ಸರ್ವೆ ನಮೂನೆಯಲ್ಲಿ ಮೂರು ಪ್ರಶ್ನೆ ಹೆಚ್ಚು: ಬಾವಿ ಇದೆಯಾ, ಮಾಡಿನ ನೀರು ಎಲ್ಲಿಗೆ ಹೋಗುತ್ತದೆ, ಬಾವಿಗೂ ಚೇಂಬರಿಗೂ ಎಷ್ಟು ದೂರ. ಪ್ರಶ್ನೆ ಸೇರಿಸುವುದು ಸುಲಭ, ದುಡ್ಡು ಹುಟ್ಟಿಸುವುದು ಕಷ್ಟ. ಮಾಡಿನ ಪೈಪನ್ನು ಚೇಂಬರಿನಿಂದ ಬಿಡಿಸಿ, ಮರಳು-ಜಲ್ಲಿಯ ಫಿಲ್ಟರ್ ಮೂಲಕ ಬಾವಿಗೆ ಇಳಿಸಿದರೆ ಜೂನ್‌ನ ಪಂಪಿಗೂ ಮೇಯ ಕೊಡಪಾನಕ್ಕೂ ಒಳ್ಳೆಯದು. ದೊಡ್ಡ ಪಂಪಿಗೆ ಹೋಲಿಸಿದರೆ ಖರ್ಚೂ ಕಡಿಮೆ. ಆದರೆ ಅದು ಖಾಸಗಿ ಅಂಗಳದೊಳಗಿನ ಕೆಲಸ, ಸರ್ಕಾರಿ ಹಣ ಕಂಪೌಂಡ್ ದಾಟುವುದಕ್ಕೆ ಹೆದರುತ್ತದೆ. ಪೈಪಿಗೆ, ಕಾಂಕ್ರೀಟಿಗೆ ದರಪಟ್ಟಿಯಲ್ಲಿ ಸಾಲು ಉಂಟು, ಮನೆ ಮನೆಗೆ ಹೋಗಿ ಒಪ್ಪಿಸುವುದಕ್ಕೆ ಇಲ್ಲ. ಒಂದು ಸಲ ಇದನ್ನು ವರದಿಗೆ ಸೇರಿಸಿದಾಗ, “ಇದು ಮಳೆನೀರಿನ ಫೈಲು, ಒಳಚರಂಡಿಯಲ್ಲಿ ಯಾಕೆ ಬಂತು?” ಎಂದು ಷರಾ ಹಾಕಿ ವಾಪಸು ಕಳಿಸಿದ್ದರು. ಮಳೆನೀರಿನ ವಿಭಾಗಕ್ಕೆ ಕಳಿಸಿದರೆ ಅವರು ಕುಡಿಯುವ ನೀರಿಗೆ ದಾಟಿಸಿದರು.

ಕಾಲದ ಲೆಕ್ಕದಲ್ಲೂ ಇದೇ ಹಗ್ಗಜಗ್ಗಾಟ. ಸರ್ಕಾರಕ್ಕೆ ಹೊಸ ವರ್ಷ ಏಪ್ರಿಲ್‌ನಲ್ಲಿ. ಊರಿಗೆ ಪತ್ತನಾಜೆ ಎಂಬ ತುಳುವರ ಪರ್ವದಿಂದಾಚೆ ಮಳೆಯ ಲೆಕ್ಕ, ಅದು ಬರುವುದು ಮೇ 24ರ ಹೊತ್ತಿಗೆ. ನಡುವೆ ಸಿಗುವ ಏಳೆಂಟು ವಾರದಲ್ಲಿ ಅನುಮೋದನೆ, ಟೆಂಡರ್, ಕಾರ್ಯಾದೇಶ ಮುಗಿಸಿ ರಾಜಕಾಲುವೆಯ ಹೂಳು ತೆಗೆಯಬೇಕು. ತೆಗೆದ ಹೂಳನ್ನು ಸಾಗಿಸುವಷ್ಟರಲ್ಲಿ ಮೊದಲ ಮಳೆ ಬಂದು, ದಡದಲ್ಲಿ ರಾಶಿ ಹಾಕಿದ್ದನ್ನು ಪುನಃ ಒಳಗೆ ತಳ್ಳುತ್ತದೆ. ತಗ್ಗಿನ ಹಳ್ಳಿಗಳಲ್ಲಿ ಮಳೆ ನಿಂತು ತೋಡಿನ ನೀರು ತಿಳಿಯಾದ ಕೂಡಲೇ, ನವೆಂಬರ್-ಡಿಸೆಂಬರಿನಲ್ಲಿ, ಕಲ್ಲು ಮಣ್ಣಿನ ಕಟ್ಟ ಕಟ್ಟುತ್ತಿದ್ದ ಅಜ್ಜಂದಿರಿಗೆ ಟೆಂಡರ್ ಇರಲಿಲ್ಲ, ಪುಣ್ಯ.

ಈಗ ಎಲ್ಲ ಕಡೆ ಜಲಸಿರಿ ಯೋಜನೆಯ 24 ಗಂಟೆ ನೀರಿನ ಮಾತು. ಉಡುಪಿಗೆ ವಾರಾಹಿ ನದಿಯ ನೀರು. ಒಳ್ಳೆಯದೇ, ರಾತ್ರಿ ಎದ್ದು ಕೊಡ ತುಂಬಿಸಿದವರಿಗೆ ಅದರ ಬೆಲೆ ಗೊತ್ತು. ನನ್ನ ಹೆದರಿಕೆ ಬೇರೆ. ನಳ್ಳಿಯಲ್ಲಿ ಹಗಲೂ ರಾತ್ರಿ ನೀರು ಬಂದರೆ ಮೊದಲು ಬಾವಿಯ ಹಗ್ಗ ಹೋಗುತ್ತದೆ, ಆಮೇಲೆ ಅದಕ್ಕೊಂದು ಮುಚ್ಚಳ ಬರುತ್ತದೆ, ಮತ್ತೆ ಯಾರೋ ಅದಕ್ಕೆ ಕಟ್ಟಡದ ಕಸ ತುಂಬುತ್ತಾರೆ. ಇಂಥ ಎರಡು ಬಾವಿಯನ್ನು ನಾನೇ ನೋಡಿದ್ದೇನೆ. ಒಂದರ ಮೇಲೆ ಈಗ ಸ್ಕೂಟರ್ ನಿಲ್ಲಿಸುತ್ತಾರೆ.

ಸರ್ವೆಗೆ ಹೋದ ಹುಡುಗರಿಗೆ ಜನ ಬಾಗಿಲಲ್ಲೇ ಕೇಳುವುದು, “ಬಾವಿಗೂ ಟ್ಯಾಕ್ಸಾ?” ಎಂದು. ಅಲ್ಲ ಎಂದು ನಂಬಿಸಲು ಒಂದು ಲೋಟ ನೀರು ಕೇಳಿ ಕುಡಿಯಬೇಕು, ಆಗ ಬಾವಿಯ ಪುರಾಣ ಶುರುವಾಗುತ್ತದೆ. ಆಳ ಎಷ್ಟು ಎಂದರೆ ಯಾರೂ ಮೀಟರಿನಲ್ಲಿ ಹೇಳುವುದಿಲ್ಲ. ಹನ್ನೆರಡು ಕೋಲು, ಹದಿನಾಲ್ಕು ಕೋಲು, ಮೇ ಕೊನೆಗೆ ಒಂದು ಕೋಲು ನೀರು. ಹುಡುಗರು ಹಾಗೆಯೇ ಬರೆದು ತಂದರು, ನಾನು ತಿದ್ದಲಿಲ್ಲ. ಹೋದ ವಾರ ಬೆಂಗಳೂರಿನಿಂದ ಪರಿಶೀಲನಾ ಟಿಪ್ಪಣಿ ಬಂತು: ಅನುಬಂಧ ನಾಲ್ಕು, ಕಾಲಂ ಏಳು, ‘ಕೋಲು’ ಎಂದರೇನು, ಸ್ಪಷ್ಟೀಕರಣ ನೀಡಿ. ಒಂದು ಕೋಲು ಸುಮಾರು ಎರಡೂವರೆ ಅಡಿ ಎಂದು ಬರೆದು ಕಳಿಸಿದ್ದೇನೆ. ಪಕ್ಕದ ಕಾಲಂನಲ್ಲಿ ‘ಮ’ ಎಂದು ಇರುವುದರ ಬಗ್ಗೆ ಇನ್ನೂ ಯಾರೂ ಕೇಳಿಲ್ಲ.