ಎಲ್ಲಿ ತುಂಡರಿಸುವುದು
ಮನೆಯ ಸಂಗ್ರಹಕ್ಕೆಂದು ದೀರ್ಘವಾದ ಸಿನಿಮಾವೊಂದನ್ನು ಇಂದು ಎರಡು ಡಿವಿಡಿಗಳಿಗೆ ಹಂಚಿದೆ. ಒಂದೇ ಪದರದ ಡಿಸ್ಕ್‌ನಲ್ಲಿ ಹಿಡಿಸುವುದು 4.7 ಜಿಬಿ ಮಾತ್ರ. ಅಷ್ಟರಲ್ಲೇ ಇಡೀ ಚಿತ್ರವನ್ನು ಹಿಂಡಿ ತುಂಬಿದರೆ ಕತ್ತಲಿನ ದೃಶ್ಯಗಳು ಚೌಕಚೌಕವಾಗಿ ಒಡೆದು ಕಾಣುತ್ತವೆ, ಅದು ನನಗೆ ಒಪ್ಪಿಗೆಯಿಲ್ಲ.

ಹೆಚ್ಚು ಹೊತ್ತು ಹಿಡಿದದ್ದು ಎಲ್ಲಿ ತುಂಡರಿಸಬೇಕೆಂಬ ನಿರ್ಧಾರ. ಡಿವಿಡಿ ವಿಡಿಯೊದಲ್ಲಿ ಸುಮಾರು ಅರ್ಧ ಸೆಕೆಂಡಿಗೊಮ್ಮೆ ಮಾತ್ರ ಸ್ವತಂತ್ರವಾದ ಪೂರ್ಣ ಫ್ರೇಮ್ ಬರುತ್ತದೆ, ಉಳಿದವು ಅಕ್ಕಪಕ್ಕದವನ್ನು ಆಧರಿಸಿರುತ್ತವೆ. ಆದ್ದರಿಂದ ಗುಣಮಟ್ಟ ಕೆಡದಂತೆ ಕತ್ತರಿಸಲು ಅಂಥ ಫ್ರೇಮನ್ನೇ ಹುಡುಕಬೇಕು. ಲೆಕ್ಕದ ಪ್ರಕಾರ ಸರಿಯಾಗಿ ಅರ್ಧಕ್ಕೆ ಕತ್ತರಿಸಿದ್ದರೆ ಪಾತ್ರವೊಂದರ ಮಾತು ನಡುವೆಯೇ ನಿಂತುಬಿಡುತ್ತಿತ್ತು. ಬಾಗಿಲು ಮುಚ್ಚಿ, ಪರದೆ ಕಪ್ಪಾಗಿ, ಸಂಗೀತವೂ ಮುಗಿದ ಕಡೆ ಗುರುತು ಹಾಕಿದೆ. ಇದರಿಂದ ಮೊದಲ ಡಿಸ್ಕ್ ತುಸು ಉದ್ದವಾಯಿತಾದರೂ, ಡಿಸ್ಕ್ ಬದಲಿಸಲು ಎದ್ದವರಿಗೆ ಕಥೆಯ ಎಳೆ ತಪ್ಪುವುದಿಲ್ಲ. ಎರಡನೆಯದಕ್ಕೆ ಅಧ್ಯಾಯಗಳನ್ನು ಗುರುತಿಸುವ ಕೆಲಸ ಇನ್ನೂ ಬಾಕಿಯಿದೆ.