ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ದೂರ: ಲೆಕ್ಕ ಎಲ್ಲಿಗೆ ಬಂತು

ಅಕ್ಷಾಂಶ, ರೇಖಾಂಶಗಳಷ್ಟನ್ನೇ ಕೊಟ್ಟು ಎರಡು ವಿಮಾನ ನಿಲ್ದಾಣಗಳ ನಡುವಿನ ಅಂತರವನ್ನು ಕಂಡುಹಿಡಿಯುವ ನನ್ನ ಎಕ್ಸೆಲ್ ಹಾಳೆ ಈಗ ನಂಬಬಹುದಾದ ಉತ್ತರ ಕೊಡುತ್ತಿದೆ. ದೂರದ ಊರುಗಳಿಗೆ ಹೋಗುವ ಮೊದಲು ದಾವಣಗೆರೆ–ಚಿತ್ರದುರ್ಗದ ಅಂತರವನ್ನು ಅದರಿಂದ ತೆಗೆದು ನೋಡಿದೆ. ನೇರ ಅಂತರ ಸುಮಾರು 58 ಕಿ.ಮೀ. ಎಂದು ಬಂತು. ನಮ್ಮ ಹೆದ್ದಾರಿಯ ಓಡಾಟ ಬಲ್ಲವರಿಗೆ ಇದು ಸರಿಯಾದ ಅಂಕಿಯೆಂದು ಕೂಡಲೇ ತಿಳಿಯುತ್ತದೆ.

ಬೆಂಗಳೂರಿನ ಕೆಂಪೇಗೌಡ ನಿಲ್ದಾಣ 13.198 ಡಿಗ್ರಿ ಉತ್ತರ, 77.706 ಡಿಗ್ರಿ ಪೂರ್ವದಲ್ಲಿದೆ. ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣ 37.619 ಡಿಗ್ರಿ ಉತ್ತರ, 122.375 ಡಿಗ್ರಿ ಪಶ್ಚಿಮದಲ್ಲಿದೆ. ಈ ಡಿಗ್ರಿಗಳನ್ನು ಕೋನದ ಇನ್ನೊಂದು ಅಳತೆಯಾದ ರೇಡಿಯನ್‌ಗೆ ಬದಲಿಸಿ, ಗೋಳ ತ್ರಿಕೋನಮಿತಿಯ (ಗೋಳದ ಮೇಲಿನ ತ್ರಿಕೋನಗಳ ಗಣಿತದ) ಕೊಸೈನ್ ಸೂತ್ರಕ್ಕೆ ಕೊಟ್ಟರೆ, ಭೂಮಿಯ ಕೇಂದ್ರದಲ್ಲಿ ಎರಡೂ ಊರುಗಳ ನಡುವೆ 125.8 ಡಿಗ್ರಿ ಕೋನ ಏರ್ಪಡುತ್ತದೆ. ಭೂಮಿಯ ಸರಾಸರಿ ತ್ರಿಜ್ಯ 6,371 ಕಿ.ಮೀ. ಎಂದು ಹಿಡಿದರೆ ಅಂತರ 13,988 ಕಿ.ಮೀ. ಆಗುತ್ತದೆ. ಬೇರೊಂದು ದಾರಿಯಿಂದಲೂ ಇದನ್ನು ತಾಳೆ ನೋಡಿದೆ: 30 ಸೆಂ.ಮೀ. ವ್ಯಾಸದ ಗ್ಲೋಬಿನ ಮೇಲೆ ಹೊಲಿಗೆ ದಾರವನ್ನು ಬಿಗಿಯಾಗಿ ಎಳೆದು, ಎರಡೂ ಊರುಗಳ ಮೇಲೆ ಉಗುರಿನಿಂದ ಒತ್ತಿ ಹಿಡಿದು, ಆಮೇಲೆ ಸ್ಕೇಲಿನ ಮೇಲಿಟ್ಟು ಅಳೆದರೆ 33 ಸೆಂ.ಮೀ. ಸಿಗುತ್ತದೆ. ಆ ಗ್ಲೋಬಿನಲ್ಲಿ ಒಂದು ಸೆಂ.ಮೀ. ಎಂದರೆ ಸುಮಾರು 425 ಕಿ.ಮೀ.; ಗುಣಿಸಿದರೆ ಹದಿನಾಲ್ಕು ಸಾವಿರದ ಹತ್ತಿರಕ್ಕೇ ಬರುತ್ತದೆ.

ಅಂಕಿಗಿಂತ ಆ ದಾರ ಹಾದುಹೋದ ಜಾಗವೇ ನನಗೆ ಮುಖ್ಯವೆನಿಸಿತು. ಪೆಸಿಫಿಕ್ ಸಾಗರ ನಡುವೆ ಬರುವ ಮರ್ಕೇಟರ್ ನಕ್ಷೆಯಲ್ಲಿ (ದುಂಡಗಿನ ಭೂಮಿಯನ್ನು ಚಪ್ಪಟೆಯಾಗಿ ಹರಡಿ ತೋರಿಸುವ ನಕ್ಷೆ) ಸ್ಕೇಲಿಟ್ಟು ಗೆರೆ ಎಳೆದರೆ ಅದು ದಕ್ಷಿಣ ಚೀನಾ ಸಮುದ್ರವನ್ನು ದಾಟಿ ಸಾಗುತ್ತದೆ. ಆ ದಾರಿಯ ಉದ್ದ ಸುಮಾರು 16,100 ಕಿ.ಮೀ., ಎಂದರೆ ಎರಡು ಸಾವಿರ ಕಿ.ಮೀ.ಗೂ ಹೆಚ್ಚು ಸುತ್ತು. ನಿಜವಾದ ಕನಿಷ್ಠ ದಾರಿಯಾದರೋ ಬೆಂಗಳೂರಿನಿಂದ ಉತ್ತರಕ್ಕೆ ಮುಖಮಾಡಿ, ಸ್ವಲ್ಪವೇ ಪೂರ್ವಕ್ಕೆ ವಾಲಿ, ಸೈಬೀರಿಯಾದ ಕೊಲಿಮಾ ನದಿ ಸಮುದ್ರ ಸೇರುವ ಕಡೆ 71 ಡಿಗ್ರಿ ಅಕ್ಷಾಂಶದವರೆಗೆ ಏರಿ, ಅಲ್ಲಿಂದ ಅಲಾಸ್ಕಾದ ಕಡೆಗೆ ಇಳಿಯುತ್ತದೆ.

ಹಾಗಾದರೆ 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳ ತಂಡ ಏರ್ ಇಂಡಿಯಾ ವಿಮಾನವನ್ನು ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಉತ್ತರ ಧ್ರುವದ ಮೇಲಿಂದ ತಂದದ್ದೇಕೆ ಎಂಬ ಪ್ರಶ್ನೆ ಏಳುತ್ತದೆ. ಧ್ರುವವನ್ನೇ ಮುಟ್ಟಿ ಹೋಗುವ ದಾರಿಯನ್ನೂ ಲೆಕ್ಕ ಹಾಕಿದೆ: 14,364 ಕಿ.ಮೀ. ಇಷ್ಟು ದೀರ್ಘ ಹಾರಾಟದಲ್ಲಿ 376 ಕಿ.ಮೀ. ಹೆಚ್ಚುವರಿ ದೊಡ್ಡ ಹೊರೆಯಲ್ಲ. ಎದುರುಗಾಳಿ ತಪ್ಪಿದರೆ ಅಥವಾ ಹಿಂಗಾಳಿ ಸಿಕ್ಕರೆ ಅದಕ್ಕಿಂತ ಹೆಚ್ಚು ಇಂಧನ ಉಳಿಯಬಹುದು. ಆದ್ದರಿಂದ ನೆಲದ ಮೇಲಿನ ಕನಿಷ್ಠ ದೂರವನ್ನೂ ವಿಮಾನ ನಿಜವಾಗಿ ಕ್ರಮಿಸುವ ದೂರವನ್ನೂ ಹಾಳೆಯಲ್ಲಿ ಬೇರೆ ಬೇರೆ ಕಾಲಂಗಳಲ್ಲಿಟ್ಟಿದ್ದೇನೆ.

ಇನ್ನು ಉಳಿದಿರುವುದು ಭೂಮಿಯ ಚಪ್ಪಟೆತನದ ತಿದ್ದುಪಡಿ. ಸಮಭಾಜಕದಲ್ಲಿ ತ್ರಿಜ್ಯ 6,378 ಕಿ.ಮೀ., ಧ್ರುವದಲ್ಲಿ 6,357 ಕಿ.ಮೀ. ಇರುವುದರಿಂದ ಪೂರ್ಣ ಗೋಳದ ಲೆಕ್ಕದಲ್ಲಿ ಶೇ 0.5ರವರೆಗೆ ವ್ಯತ್ಯಾಸ ಬರಬಹುದು. ಅದಕ್ಕಾಗಿ ಭೂಮಾಪನ ತಜ್ಞ ವಿನ್ಸೆಂಟಿ 1975ರಲ್ಲಿ ಪ್ರಕಟಿಸಿದ, ಈ ಚಪ್ಪಟೆತನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಸೂತ್ರವನ್ನು ಹಂತಹಂತವಾಗಿ ಹಾಳೆಗೆ ಇಳಿಸುತ್ತಿದ್ದೇನೆ.